ಎಂಟು ಡಬ್ಬದ ತಳ

ನಿಮಗೆ ಯಾವತ್ತಾದರೂ ಹೀಗೆ ಆಗಿದೆಯಾ? ಮನೆಯ ಹಿರಿಯರು ಹೇಗೆ ಹೇಳಿಕೊಟ್ಟಿದ್ದರೋ ಹಾಗೇ, ಒಂದು ಚೂರೂ ತಪ್ಪದೆ ಕೆಲಸ ಮಾಡಿದ್ದೀರಿ. ಅದೇ ಕೆಲಸದಿಂದ ಇನ್ನಾರೋ ಸಾವಿನ ಬಾಗಿಲು ತಟ್ಟಿ ಬಂದಿದ್ದಾರೆ. ಆಗಿದ್ದರೆ ನೀವು ನನ್ನ ಜೊತೆಯವರು. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು, ಹಾಲು ಉಕ್ಕಿಸಿದ್ದು ಎಲ್ಲರ ಮನೆಯಲ್ಲೂ ಇರುವ ಕಥೆ. ನಾನು ಕೆಡವಿದ್ದು ವಿಮಾನ.

ನಗುವವರು ನಕ್ಕುಬಿಡಿ. ನನಗೂ ಈಗ ನಲವತ್ತೈದು ದಾಟಿದೆ, ನಗು ಬರುತ್ತದೆ. ಆಗ ಬಂದಿರಲಿಲ್ಲ.

ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು. ನಾನು ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದು ಎರಡು ವರ್ಷವಾಗಿತ್ತು. ನಮ್ಮದು ಎಣ್ಣೆ ಅಂಗಡಿ. ಒಂದು ಕಡೆ ಹೊಂಗೆ ಎಣ್ಣೆ, ಹರಳೆಣ್ಣೆ, ಹುಚ್ಚೆಳ್ಳೆಣ್ಣೆ. ಇನ್ನೊಂದು ಕಡೆ ಗೋಡೆಗೆ ಒರಗಿಸಿದ ಪೆಟ್ರೋಲ್ ಡಬ್ಬಗಳು. ಈಗಿನ ಹಾಗೆ ಪಂಪು ಎಲ್ಲಿತ್ತು? ಎರಡು ಗ್ಯಾಲನ್ ಹಿಡಿಯುವ ತಗಡಿನ ಡಬ್ಬಗಳು ರೈಲಿನಲ್ಲಿ ಬರುತ್ತಿದ್ದವು. ಅರಕಲಗೂಡಿಗೂ ಚನ್ನರಾಯಪಟ್ಟಣಕ್ಕೂ ಹೋಗುವ ಬಸ್ಸುಗಳು ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದವು. ಮುಚ್ಚಳ ತಿರುಗಿಸಿ, ಆಲಿಕೆ ಇಟ್ಟು ಸುರಿದರೆ ಆಯಿತು. ಪೆಟ್ರೋಲ್ ಇಡುವುದಕ್ಕೆ ಸರ್ಕಾರ ಕೊಟ್ಟ ಲೈಸೆನ್ಸನ್ನು ನಮ್ಮತ್ತೆ ಕಟ್ಟು ಹಾಕಿಸಿ, ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದರು. ದಿನಾ ಬೆಳಿಗ್ಗೆ ಅದಕ್ಕೂ ಒಂದು ಬೊಟ್ಟು ವಿಭೂತಿ ಸಿಗುತ್ತಿತ್ತು. ಮಾವ ಇಲ್ಲದ ಮೇಲೆ ಮನೆ ನಿಂತಿದ್ದೇ ಆ ಕಾಗದದ ಮೇಲೆ.

ಅಂಗಡಿ ಯಜಮಾನಿಕೆಯೂ ಅತ್ತೆಯದೇ. ನಮ್ಮ ಯಜಮಾನರು ಅವರಮ್ಮನ ಮುಂದೆ ಬಾಯಿ ಬಿಡುತ್ತಿದ್ದುದು ಊಟಕ್ಕೆ, ಆಕಳಿಕೆಗೆ, ಅಷ್ಟೇ. ನಾನು ಅಂಗಡಿಗೆ ಕಾಲಿಟ್ಟ ಮೊದಲ ದಿನವೇ ಅತ್ತೆ ಒಂದು ಪಾಠ ಹೇಳಿದ್ದರು.

"ತಳ ಬಗ್ಗುಸ್ಬ್ಯಾಡ ಕಣವ್ವ. ಮಡ್ಡಿ ಓದ್ರೆ ಮರ್ಯಾದೆ ಓಯ್ತದೆ."

ಎಣ್ಣೆಯ ತಳದಲ್ಲಿ ಮಡ್ಡಿ ಕೂತಿರುತ್ತದೆ, ಗೊತ್ತಲ್ಲ. ಅದು ಗಿರಾಕಿಯ ಪಾತ್ರೆಗೆ ಬಿದ್ದರೆ ದೀಪ ಉರಿಯುವುದಿಲ್ಲ, ಒಗ್ಗರಣೆ ಕಹಿಯಾಗುತ್ತದೆ. ಹಾಗಾಗಿ ಡಬ್ಬದ ತಳದ್ದನ್ನು ಅಂಗಡಿಗೇ ಬಿಟ್ಟುಕೊಳ್ಳುವುದು. ಡಬ್ಬವನ್ನು ಪೂರ್ತಿ ಬರಿದು ಮಾಡಿದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಅನ್ನುವುದೂ ಅದರ ಜೊತೆಗಿತ್ತು. ಪೆಟ್ರೋಲ್ ಬಂದಾಗ ಅತ್ತೆ ಅದೇ ಪದ್ಧತಿಯನ್ನು ಅದಕ್ಕೂ ಅಂಟಿಸಿದರು. ತಪ್ಪೇನಿರಲಿಲ್ಲ. ಡಬ್ಬದ ತಳದಲ್ಲಿ ತುಕ್ಕು, ನೀರಿನ ಪಸೆ ಇರುತ್ತಿತ್ತು. ಬಸ್ಸಿನವರಿಗೆಲ್ಲ ಇದು ಗೊತ್ತು. ತಳ ಅಂಗಡಿಯದು ಅಂತ ಲೆಕ್ಕ ಇಟ್ಟುಕೊಂಡೇ ಅವರು ಡಬ್ಬ ಕೇಳುತ್ತಿದ್ದರು. ನಾನು ಸಾಯಂಕಾಲ ಎಲ್ಲ ಡಬ್ಬಗಳ ತಳವನ್ನು ಒಂದೇ ಡಬ್ಬಕ್ಕೆ ಬಗ್ಗಿಸಿ, ಬಟ್ಟೆಯಲ್ಲಿ ಸೋಸಿ ಇಡುತ್ತಿದ್ದೆ. ಅದಕ್ಕೆ ತಳದ ಡಬ್ಬ ಅಂತಲೇ ಹೆಸರು.

ಒಬ್ಬರಿಗೆ ಮಾತ್ರ ಈ ಪದ್ಧತಿ ಗೊತ್ತಿರಲಿಲ್ಲ. ಅವರು ಆಕಾಶದಿಂದ ಬಂದರು.

ಚನ್ನರಾಯಪಟ್ಟಣದ ಕಡೆಯ ದೊಡ್ಡ ಜಮೀನ್ದಾರರ ಮನೆಯ ಮಗ ಅವರು. ಮೂವತ್ತರ ಆಸುಪಾಸು. ಎಲ್ಲೋ ದೂರದಲ್ಲಿ ವಿಮಾನ ಓಡಿಸುವುದನ್ನು ಕಲಿತು, ಯಾರೋ ಬಳಸಿ ಬಿಟ್ಟ ಎರಡು ಸೀಟಿನ ವಿಮಾನ ಕೊಂಡಿದ್ದರು. ನಾನು ಅವರನ್ನು ಸಾವ್ಕಾರರು ಅಂತಲೇ ಕರೆಯುತ್ತೇನೆ. ಅದು ಸಂಕ್ರಾಂತಿ ಕಳೆದ ಹೊಸದು. ಒಂದು ಸಂಜೆ ಊರಾಚೆಯ ಮೈದಾನಕ್ಕೆ ವಿಮಾನ ಇಳಿಯಿತು. ಮಾರನೆ ದಿನ ಬೆಳಿಗ್ಗೆಯಿಂದ ಸ್ನೇಹಿತರನ್ನು, ನೆಂಟರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಊರ ಮೇಲೆ ಒಂದೊಂದು ಸುತ್ತು ಹೊಡೆಸುತ್ತೇನೆ ಅಂದಿದ್ದರು. ಟ್ಯಾಂಕು ಬರಿದಾಗಿತ್ತು. ಎಂಟು ಡಬ್ಬ ಪೆಟ್ರೋಲ್ ಬೇಕು ಅಂತ ಅಂಗಡಿಗೆ ಹೇಳಿ ಕಳುಹಿಸಿದರು.

ನಮ್ಮ ಯಜಮಾನರು ನುಗ್ಗೇಹಳ್ಳಿಗೆ ಮದುವೆಗೆ ಹೋಗಿದ್ದರು. ಅತ್ತೆಗೆ ಅಂಗಡಿ ಬಿಡುವ ಹಾಗಿಲ್ಲ. ಗಾಡಿಯಲ್ಲಿ ಡಬ್ಬ ಹೇರಿಸಿ, ಗಾಡಿಯವನ ಜೊತೆ ನನ್ನನ್ನು ಕಳುಹಿಸಿದರು. ಚೆಲ್ಲದ ಹಾಗೆ ಸುರಿಯುವ ಕೈ ನನ್ನದು ಅನ್ನುವುದು ನೆಪ. ವಿಮಾನ ನೋಡುವುದಕ್ಕೆ ನಾನು ಹಿಂದಿನ ರಾತ್ರಿಯೇ ಅವರ ಕಾಲು ಒತ್ತಿ ಒಪ್ಪಿಸಿದ್ದೆ ಅನ್ನುವುದು ನಿಜ.

ಅಲ್ಲಿ ಹಾಸನದ ಮೇಸ್ತ್ರಿ ಒಬ್ಬರು ಇದ್ದರು. ಅರವತ್ತರ ಹತ್ತಿರದವರು, ಮೋಟಾರು ರಿಪೇರಿಯಲ್ಲಿ ಜಿಲ್ಲೆಗೇ ಹೆಸರಾದವರು. ಕಾಫಿ ತೋಟದ ದೊರೆಗಳ ಕಾರುಗಳೂ ಅವರ ಷೆಡ್ಡಿಗೇ ಬರುತ್ತಿದ್ದವು. ಸಾವ್ಕಾರರು ಎಂಜಿನ್ನಿನ ಕಾರ್ಬುರೇಟರ್ ಶುದ್ಧ ಮಾಡಿಸಲು ಅವರನ್ನು ಬೆಳಗಿನ ರೈಲಿನಲ್ಲಿ ಕರೆಸಿದ್ದರು. ನಾನು ನೆಲದ ಮೇಲೆ ಕೂತು ಡಬ್ಬಗಳಿಂದ ಮೂತಿ ಇರುವ ಕ್ಯಾನಿಗೆ ಸುರಿದೆ. ಮೇಸ್ತ್ರಿ ಅದನ್ನು ಏಣಿ ಹತ್ತಿ ರೆಕ್ಕೆಯ ಮೇಲಿನ ಟ್ಯಾಂಕಿಗೆ ಬಗ್ಗಿಸಿದರು. ಸಾವ್ಕಾರರು ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಸಾಲಾಗಿ ಇಟ್ಟ ಡಬ್ಬಗಳನ್ನು ಬೆರಳು ತೋರಿಸಿ ಎಣಿಸಿದರು. ಎಂಟು. ಗಡಿಯಾರ ನೋಡಿಕೊಂಡರು. ನಾನು ಪ್ರತಿ ಡಬ್ಬದಲ್ಲೂ ತಳ ಉಳಿಸಿದ್ದೆ. ಯಾಕೆ ಅಂತ ಕೇಳಬೇಡಿ. ಊಟ ಮಾಡುವಾಗ ಬಲಗೈ ಯಾಕೆ ಅಂತ ಯಾರಾದರೂ ಯೋಚಿಸುತ್ತಾರಾ?

ಮಧ್ಯಾಹ್ನದವರೆಗೂ ಊರಿಗೆ ಊರೇ ಕತ್ತೆತ್ತಿ ನಿಂತಿತ್ತು. ಒಬ್ಬ ವಕೀಲರು ಹತ್ತುವಾಗ ರುಮಾಲು ಕಟ್ಟಿದ್ದರು, ಇಳಿಯುವಾಗ ಬರಿದಲೆ. ಆಮೇಲೆ ಸಾವ್ಕಾರರು ಮೇಸ್ತ್ರಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹಾಸನದಲ್ಲಿ ಬಿಟ್ಟು ಹೋಗುತ್ತೇನೆ ಅಂತ ಹೊರಟರು. ನಾನು ಬರಿ ಡಬ್ಬಗಳ ಗಾಡಿಯಲ್ಲಿ ಮನೆಗೆ ಬಂದೆ. ಎಂದಿನ ಹಾಗೆ ತಳಗಳನ್ನೆಲ್ಲ ಒಂದು ಡಬ್ಬಕ್ಕೆ ಬಗ್ಗಿಸಿದೆ. ಅರ್ಧಕ್ಕಿಂತ ಮೇಲೆ ತುಂಬಿತು. ಈ ಸಲ ಉಳಿಸುವುದರಲ್ಲಿ ಕೈ ಸ್ವಲ್ಪ ಧಾರಾಳವಾಯಿತು ಅಂದುಕೊಂಡು ಮುಚ್ಚಳ ಹಾಕಿದೆ.

ದೀಪ ಹಚ್ಚುವ ಹೊತ್ತಿಗೆ ಅರಕಲಗೂಡಿನ ಬಸ್ಸು ಬಂತು. ಡ್ರೈವರು ಕೆಳಗಿಳಿಯುವ ಮೊದಲೇ ಸುದ್ದಿ ಹೇಳಿದ. "ಇಮಾನ ಬಿದ್ದೋಯ್ತು ಕಣಕ್ಕ. ಅರಕಲಗೂಡ್ನಿಂದ ಈಚೆ, ರಾಗಿ ಕೊಯ್ದ ಹೊಲ್ದಾಗೆ."

ನನ್ನ ಕೈಯಲ್ಲಿದ್ದ ಆಲಿಕೆ ಹಾಗೇ ನಿಂತಿತು. ಅವನು ಮುಂದಿನದನ್ನೂ ಹೇಳಿದ. ಮೇಲೆ ಹೋಗುತ್ತಿರುವಾಗಲೇ ಎಂಜಿನ್ ಕೆಮ್ಮಿ ಕೆಮ್ಮಿ ನಿಂತುಹೋಯಿತಂತೆ. ಸಾವ್ಕಾರರು ಹೇಗೋ ಹೊಲಕ್ಕೆ ಇಳಿಸಿದರಂತೆ, ಆದರೆ ಚಕ್ರ ಬದುವಿಗೆ ಸಿಕ್ಕಿ ವಿಮಾನ ಮೂಗು ಕೆಳಗೆ ಮಾಡಿ ಮಗುಚಿಕೊಂಡಿತಂತೆ. ಇಬ್ಬರೂ ಬದುಕಿದ್ದಾರೆ. ಸಾವ್ಕಾರರ ಎಡಗೈ ಮುರಿದಿದೆ, ಮೇಸ್ತ್ರಿಯ ಹಣೆ ಒಡೆದಿದೆ. ನಾನು ಉಸಿರು ಬಿಡುವಷ್ಟರಲ್ಲಿ ಅವನು ಇನ್ನೊಂದು ಮಾತು ಸೇರಿಸಿದ. ತಪ್ಪೆಲ್ಲ ಮೇಸ್ತ್ರಿಯದೇ ಅಂತೆ. ಬೆಳಿಗ್ಗೆ ಏನೋ ಬಿಚ್ಚಿ ಜೋಡಿಸಿದ್ದ, ಅದೇ ಕೈಕೊಟ್ಟಿತು ಅಂತ ಸಾವ್ಕಾರರೇ ಹೇಳಿದರಂತೆ. ತಾಲ್ಲೂಕಿನ ಅಮಲ್ದಾರರು ನಾಳೆ ಅರಕಲಗೂಡಿನ ಆಸ್ಪತ್ರೆಗೇ ಬಂದು ಬರೆದುಕೊಳ್ಳುತ್ತಾರಂತೆ.

"ಟ್ಯಾಂಕ್ನಾಗೆ ಪೆಟ್ರೋಲೇ ಇರ್ನಿಲ್ಲ ಅಂತಾನೆ ಮೇಸ್ತ್ರಿ. ಸೋರಿದ್ರೆ ನೆಲ ವಾಸ್ನೆ ಒಡೀಬೇಕಲ್ಲ, ಎಲ್ಲಿ ಒಡೀತದೆ ಅಂತಾನೆ. ಯಾರ್ ಕೇಳ್ತಾರೆ? ಎಂಟು ಡಬ್ಬ ಉಯ್ದಿದ್ದು ಇಡೀ ಊರೇ ನೋಡೈತೆ," ಅಂದ ಡ್ರೈವರು. ಇನ್ನು ಆ ಮೇಸ್ತ್ರಿ ಕೈಗೆ ಯಾರೂ ಎತ್ತಿನ ಗಾಡಿಯನ್ನೂ ಕೊಡುವುದಿಲ್ಲ ಅಂತ ನಕ್ಕ.

ನಾನು ಒಳಗೆ ಹೋಗಿ ತಳದ ಡಬ್ಬ ಅಲ್ಲಾಡಿಸಿ ನೋಡಿದೆ. ಅದರ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಅತ್ತೆಗೆ ಹೇಳಿದೆ. ಅವರು ಗೋಡೆಯ ಮೇಲಿನ ಲೈಸೆನ್ಸಿನ ಕಡೆ ನೋಡಿ, ಬಾಯಿ ಮುಚ್ಚಿಕೊಂಡಿರು ಅಂದರು. ಎಂಟು ಡಬ್ಬ ಅಂತ ಹೇಳಿ ಏಳು ಡಬ್ಬ ಚಿಲ್ಲರೆ ಕೊಟ್ಟರು ಅಂತ ಅಮಲ್ದಾರರು ಬರೆದರೆ ಆ ಕಾಗದ ನಾಳೆಯೇ ಗೋಡೆಯಿಂದ ಇಳಿಯುತ್ತದೆ, ಆಮೇಲೆ ನಿನ್ನ ಗಂಡ ಏನು ಮಾರುತ್ತಾನೆ ಅಂತ ಕೇಳಿದರು. ಮೇಸ್ತ್ರಿ ದೊಡ್ಡ ಊರಿನವರು, ಹೇಗೋ ಬದುಕಿಕೊಳ್ಳುತ್ತಾರೆ ಅಂದರು. ಕೈ ಕೆಟ್ಟದು ಅಂತ ಹೆಸರು ಬಂದ ಮೇಲೆ ಆ ವಯಸ್ಸಿನಲ್ಲಿ ಹೇಗೆ ಬದುಕುತ್ತಾರೆ ಅಂತ ನಾನು ಕೇಳಿದೆ. ಅತ್ತೆಗೆ ಎದುರು ಮಾತು ಆಡಿದ್ದು ಅದೇ ಮೊದಲು. ಅವರು ಎದ್ದು ಹೋಗಿ ಮುಸುಕು ಹಾಕಿಕೊಂಡು ಮಲಗಿದರು. ನಾನು ಅಡುಗೆ ಮನೆಯಲ್ಲಿ ಕೂತು ಅತ್ತುಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಮೇಸ್ತ್ರಿಗಾಗಿ ಅತ್ತಿದ್ದಕ್ಕಿಂತ ನನಗಾಗಿ ಅತ್ತಿದ್ದೇ ಹೆಚ್ಚು.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮಡಿ ಸೀರೆ ಉಟ್ಟು, ಹಣೆಗೆ ವಿಭೂತಿ ಧರಿಸಿ, ಜಗುಲಿಯ ಮೇಲೆ ಕೂತಿದ್ದಾರೆ. ಪಕ್ಕದಲ್ಲಿ ತಳದ ಡಬ್ಬ, ಅದರ ಮೇಲೆ ಅಂಗಡಿಯ ಸೇರು.

"ಬಸ್ ಬತ್ತದೆ, ಬಿರ್ರನೆ ಮೊಕ ತೊಳ್ಕೊ," ಅಂದರು. ನಾನು ಕಣ್ಣು ಬಿಟ್ಟುಕೊಂಡು ನಿಂತಿದ್ದೆ. "ಏನ್ ನೋಡ್ತೀಯೆ? ತಳ ಬಗ್ಗುಸ್ಬ್ಯಾಡ ಅಂತ ನಿಂಗ್ ಏಳ್ಕೊಟ್ಟವ್ಳು ನಾನು. ಆ ಮೇಸ್ತ್ರಿ ಏನ್ ಮಾಡವ್ನೆ, ಪಾಪ."

ಅರಕಲಗೂಡಿನ ಬಸ್ಸಿನಲ್ಲಿ ಅತ್ತೆ ಆ ಡಬ್ಬವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು. ಹಿಂದೆ ಕೂತಿದ್ದ ಹೊಗೆಸೊಪ್ಪಿನ ವ್ಯಾಪಾರಿ ಬೀಡಿ ಹಚ್ಚಲು ಹೋದ. ಅತ್ತೆ ತಿರುಗಿ ನೋಡಿದ ನೋಟಕ್ಕೇ ಬೀಡಿ ಜೇಬಿಗೆ ಮರಳಿತು. ದಾರಿಯುದ್ದಕ್ಕೂ ಅವರು ನನ್ನ ಜೊತೆ ಒಂದೇ ಮಾತಾಡಿದ್ದು: ನೀನು ಬಾಯಿ ಬಿಡಬೇಡ, ನಾನು ಹೇಳುತ್ತೇನೆ.

ಆಸ್ಪತ್ರೆಯ ಜಗುಲಿಯಲ್ಲಿ ಜನ ತುಂಬಿದ್ದರು. ಸಾವ್ಕಾರರು ಕೈಯನ್ನು ಕತ್ತಿಗೆ ಕಟ್ಟಿಕೊಂಡು ಬೆಂಚಿನ ಮೇಲೆ ಒರಗಿದ್ದರು. ಅಮಲ್ದಾರರು ಕುರ್ಚಿಯಲ್ಲಿ, ಪಕ್ಕದಲ್ಲಿ ಅವರ ಗುಮಾಸ್ತ. ಮೇಸ್ತ್ರಿ ಆಚೆ ಹುಣಸೆ ಮರದ ಕೆಳಗೆ ಒಬ್ಬರೇ ಕೂತಿದ್ದರು. ಹಣೆಗೆ ಬಟ್ಟೆ ಸುತ್ತಿತ್ತು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಅವು ಬೇರೆ ಯಾರದೋ ಕೈ ಅನ್ನುವ ಹಾಗೆ ನೋಡುತ್ತಿದ್ದರು.

ಅತ್ತೆ ಡಬ್ಬವನ್ನು ಸಾವ್ಕಾರರ ಮುಂದೆ ಇಟ್ಟರು. ಅಲ್ಲಿಯವರೆಗೆ ಸರಿಯಾಗಿದ್ದರು. ಅಷ್ಟೊಂದು ಜನರನ್ನು ನೋಡಿದ್ದೇ ಸೆರಗು ಎಳೆದುಕೊಂಡರು. ಊರನ್ನೆಲ್ಲ ಬೈದು ಬಾಳಿದ ಹೆಂಗಸಿನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನನ್ನ ಕಡೆ ನೋಡಿದರು.

ನಾನೇ ಹೇಳಿದೆ. ಎಂಟೂ ಡಬ್ಬದಲ್ಲಿ ತಳ ಉಳಿಸಿಕೊಂಡೆವು, ಅದು ನಮ್ಮ ಅಂಗಡಿಯ ಪದ್ಧತಿ, ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ಉಳಿದದ್ದು ಇದು. ಮೇಸ್ತ್ರಿ ಅವರು ಸರಿಯಾಗೇ ಹೇಳುತ್ತಿದ್ದಾರೆ.

ಜಗುಲಿಯಲ್ಲಿ ಯಾರೋ, ಅಬ್ಬಾ ಎಣ್ಣೆಯವರ ಲೆಕ್ಕವೇ ಅಂದರು. ಅಮಲ್ದಾರರು ಗುಮಾಸ್ತನಿಗೆ, ಅಂಗಡಿಯ ವಿಳಾಸ ಬರೆದುಕೋ ಅಂದರು. ಸಾವ್ಕಾರರು ಮಾತ್ರ ಡಬ್ಬವನ್ನೇ ನೋಡುತ್ತಿದ್ದರು. ಮೇಸ್ತ್ರಿಯನ್ನು ಕರೆಸಿ, ಎಷ್ಟಿದೆ ನೋಡಿ ಅಂದರು.

ಮೇಸ್ತ್ರಿ ಎದ್ದು ಬಂದರು. ಅತ್ತೆಯಿಂದ ಸೇರು ಇಸಿದುಕೊಂಡು, ಒಂದೊಂದೇ ಸೇರು ಅಳೆದು ಆಸ್ಪತ್ರೆಯ ಬಕೆಟ್ಟಿಗೆ ಸುರಿದರು. ಒಂದು ಹನಿ ಚೆಲ್ಲಲಿಲ್ಲ.

"ಆರು ಸೇರು ಸಾ," ಅಂದರು. "ಇನ್ನೂ ಕಾಲು ಗಂಟೆ ಇಮಾನ ಆರ್ತಿತ್ತು."

ಬರೀ ಅಷ್ಟೇ. ನಾನು ಹೇಳಿರಲಿಲ್ಲವೇ ಅಂತ ಒಂದು ಮಾತು ಸೇರಿಸಬಹುದಿತ್ತು. ನಾನಾಗಿದ್ದರೆ ಸೇರಿಸುತ್ತಿದ್ದೆ.

ಸಾವ್ಕಾರರು ಕಣ್ಣು ಮುಚ್ಚಿಕೊಂಡರು. ಬೈಯುತ್ತಾರೆ ಅಂತ ನಾವು ಕಾದೆವು. ಅವರು ಕಣ್ಣು ಬಿಟ್ಟು ಮೊದಲು ಕೇಳಿದ್ದು ಗುಮಾಸ್ತನನ್ನು, ಇನ್ನೂ ಏನೂ ಬರೆದಿಲ್ಲ ತಾನೇ ಅಂತ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ತಮ್ಮ ಲೆಕ್ಕ ಒಪ್ಪಿಸಿದರು. ಟ್ಯಾಂಕಿನಲ್ಲಿ ಎಷ್ಟಿದೆ ಅಂತ ತೋರಿಸುವ ಮುಳ್ಳು ಒಂದು ತಿಂಗಳಿಂದ ಅಂಟಿಕೊಂಡಿತ್ತಂತೆ. ರಿಪೇರಿ ಮಾಡಿಸದೆ ಡಬ್ಬ ಎಣಿಸಿ, ಗಡಿಯಾರ ನೋಡಿ ಹಾರುವುದನ್ನೇ ರೂಢಿ ಮಾಡಿಕೊಂಡಿದ್ದರಂತೆ. ನಿನ್ನೆ ನೇರವಾಗಿ ಹಾಸನಕ್ಕೆ ಹೋಗಿದ್ದರೆ ಇದ್ದ ಪೆಟ್ರೋಲೇ ಸಾಕಾಗುತ್ತಿತ್ತು. ಆದರೆ ರಾಮನಾಥಪುರದಲ್ಲಿ ಅವರ ತಂಗಿಯ ಮನೆ. ಅವಳು ಅಂಗಳಕ್ಕೆ ಬಂದು ಕೈ ಬೀಸುವವರೆಗೂ ಮನೆಯ ಮೇಲೆ ಸುತ್ತಿದರಂತೆ.

"ಅವಳು ಮೊದಲನೇ ಸುತ್ತಿಗೇ ಬಂದಿದ್ದಳು," ಅಂದರು ಸಾವ್ಕಾರರು. "ನಾನೇ ಇನ್ನೆರಡು ಸುತ್ತು ಹೆಚ್ಚಿಗೆ ಹೊಡೆದೆ. ಡಬ್ಬದಲ್ಲಿ ಕಾಲು ಗಂಟೆ ಇವರು ಉಳಿಸಿದರು, ಮೇಲೆ ಕಾಲು ಗಂಟೆ ನಾನು ಕಳೆದೆ. ಟ್ಯಾಂಕಿಗೆ ಒಂದು ಕಡ್ಡಿ ಅದ್ದಿ ನೋಡಿದ್ದರೆ ಎರಡೂ ತಿಳಿಯುತ್ತಿತ್ತು. ನೋಡಬೇಕಾದವನು ನಾನು. ಹಾಗೇ ಬರೆದುಕೊಳ್ಳಿ."

ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು. ಒಂದು ಕೈ ಕಟ್ಟಿತ್ತು, ಇನ್ನೊಂದು ಕೈಯನ್ನು ಎದೆಯ ಮೇಲೆ ಇಟ್ಟುಕೊಂಡರು. "ಮೇಸ್ತ್ರಿ, ನಿಮ್ಮ ಕೈಯಲ್ಲಿ ತಪ್ಪಿರಲಿಲ್ಲ. ನಾನು ತಪ್ಪು ಮಾತಾಡಿದೆ."

ಮೇಸ್ತ್ರಿ ಬಕೆಟ್ಟನ್ನು ಬಿಸಿಲಿನಿಂದ ನೆರಳಿಗೆ ಸರಿಸಿದರು. ತಲೆ ಎತ್ತಲಿಲ್ಲ. "ಮುಳ್ಳು ಅಂಟ್ಕಂಡೈತೆ ಅಂತ ನಂಗೊಂದ್ ಮಾತು ಏಳಿದ್ರೆ, ಅದೂ ಬುಡುಸ್ತಿದ್ದೆ ಸಾ," ಅಂದರು. ಜಗುಲಿಯಲ್ಲಿದ್ದವರೆಲ್ಲ ನಕ್ಕರು. ಸಾವ್ಕಾರರೂ ನಕ್ಕು, ಮುರಿದ ಕೈ ಹಿಡಿದುಕೊಂಡು ನರಳಿದರು. ಅತ್ತೆಗೆ ಆಗ ಬಾಯಿ ಬಂತು. ಬಂದಿದ್ದೇ ತಡ, ಸಾವ್ಕಾರರ ಕಟ್ಟು ಸಡಿಲವಾಗಿದೆ ಅಂತ ಆಸ್ಪತ್ರೆಯವರನ್ನು ಬೈಯಲು ಶುರುಮಾಡಿದರು.

ಲೈಸೆನ್ಸು ಗೋಡೆಯಿಂದ ಇಳಿಯಲಿಲ್ಲ. ಅಮಲ್ದಾರರು ಅತ್ತೆಗೆ ಬಾಯಿ ತುಂಬ ಬುದ್ಧಿ ಹೇಳಿ ಬಿಟ್ಟರು. ಮೂರನೇ ದಿನ ನಮ್ಮ ಯಜಮಾನರು ಮದುವೆ ಊಟ ಮುಗಿಸಿ ಬಂದಾಗ, ಬಸ್ಸಿನವರೆಲ್ಲ ಸೇರಿ ನಿನ್ನ ಹೆಂಡತಿ ವಿಮಾನ ಕೆಡವಿದಳು ಅಂತ ಹೇಳಿದ್ದರು. ಅವರು ತಮಾಷೆ ಅಂದುಕೊಂಡು ನಗುತ್ತಲೇ ಒಳಗೆ ಬಂದರು. ಅವರಮ್ಮನ ಮುಖ ನೋಡಿದ ಮೇಲೆ ನಗು ನಿಂತಿತು.

ಹದಿನೈದು ದಿನಕ್ಕೆ ಹಾಸನದಿಂದ ರೈಲಿನಲ್ಲಿ ಒಂದು ಉದ್ದನೆಯ ಕಟ್ಟು ಬಂತು. ಬಿಚ್ಚಿದರೆ ಹಿತ್ತಾಳೆಯ ಕಡ್ಡಿ. ಅದರ ಮೇಲೆ ಸೇರಿಗೊಂದರಂತೆ ಗೆರೆ ಕೊರೆದಿತ್ತು. ಮೇಸ್ತ್ರಿ ತಮ್ಮ ಕೈಯಲ್ಲೇ ಮಾಡಿ, ನಮ್ಮ ಡಬ್ಬಕ್ಕೆ ಸರಿಯಾಗಿ ಅಳತೆ ಕೂರಿಸಿ ಕಳುಹಿಸಿದ್ದರು. ಅತ್ತೆ ಅದನ್ನು ಲೈಸೆನ್ಸಿನ ಪಕ್ಕದಲ್ಲಿ ತೂಗುಹಾಕಿದರು. ವಿಭೂತಿ ಅದಕ್ಕೂ ಸಿಕ್ಕಿತು. ತಳ ಉಳಿಸುವುದನ್ನು ಮಾತ್ರ ಅವರು ಬಿಡಲಿಲ್ಲ. ಲಕ್ಷ್ಮಿಯ ವಿಷಯದಲ್ಲಿ ಅಮಲ್ದಾರರ ಮಾತು ಯಾರು ಕೇಳುತ್ತಾರೆ? ಆದರೆ ಅಂದಿನಿಂದ ಪ್ರತಿ ಡಬ್ಬಕ್ಕೂ ಕಡ್ಡಿ ಅದ್ದಿ, ಇಷ್ಟು ಕೊಟ್ಟೆ, ಇಷ್ಟು ಉಳಿಸಿಕೊಂಡೆ ಅಂತ ಗಟ್ಟಿಯಾಗಿ ಹೇಳಬೇಕು ಅನ್ನುವುದು ಹೊಸ ಪದ್ಧತಿಯಾಯಿತು. ಯುದ್ಧ ಬಂದು ಪೆಟ್ರೋಲಿಗೆ ಕೂಪನ್ ಬಂದಾಗ, ಹನಿ ಹನಿಗೂ ಜಗಳವಾಗುವ ಕಾಲದಲ್ಲಿ, ಚನ್ನರಾಯಪಟ್ಟಣದಿಂದಲೂ ಜನ ಕಡ್ಡಿ ಅಂಗಡಿ ಅಂತ ಹುಡುಕಿಕೊಂಡು ಬರುತ್ತಿದ್ದರು.

ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಅದಕ್ಕಿಂತ ಮೊದಲಿನ ಒಂದು ದಿನದ ಮಾತು. ವಿಮಾನ ಬಿದ್ದ ಮಾರನೇ ವರ್ಷ, ಅದೇ ರಾಗಿ ಕೊಯ್ಲು ಮುಗಿದ ಕಾಲ. ಊರ ಮೇಲೆ ಮತ್ತೆ ಆ ಸದ್ದು ಕೇಳಿಸಿತು. ನಾನು ಅಂಗಡಿ ಬಿಟ್ಟು ಮೈದಾನಕ್ಕೆ ಓಡಿದೆ. ಅತ್ತೆಯೂ ಏದುಸಿರು ಬಿಡುತ್ತ ಹಿಂದೆ ಬಂದರು, ಕೈಯಲ್ಲಿ ಹಿತ್ತಾಳೆ ಕಡ್ಡಿ. ರಿಪೇರಿಯಾದ ವಿಮಾನ ಇಳಿದು ನಿಂತಿತು. ಮುಂದಿನ ಸೀಟಿನಿಂದ ಮೊದಲು ಇಳಿದವರು ಮೇಸ್ತ್ರಿ. ಸಾವ್ಕಾರರ ವಿಮಾನಕ್ಕೆ ಈಗ ಅವರೊಬ್ಬರೇ ಕೈ ಹಾಕುವುದು ಅಂತ ತಿಳಿಯಿತು. ತೋಟದ ದೊರೆಗಳ ಕಾರುಗಳು ಷೆಡ್ಡಿನ ಮುಂದೆ ಸಾಲು ನಿಲ್ಲುತ್ತವೆ, ಆಕಾಶದಿಂದ ಬಿದ್ದರೂ ಎಂಜಿನ್ ಕೆಡಿಸದ ಕೈ ಅಂತ ಹೆಸರು ಬಂದಿದೆ ಅಂತ ಅವರೇ ನಾಚಿಕೊಂಡು ಹೇಳಿದರು.

ನಾಲ್ಕು ಡಬ್ಬ ತರಿಸಿದರು. ನಾನು ಒಂದೊಂದಕ್ಕೂ ಕಡ್ಡಿ ಅದ್ದಿ, ಕೊಟ್ಟದ್ದನ್ನೂ ಉಳಿದದ್ದನ್ನೂ ಕೂಗಿ ಹೇಳಿದೆ. ಮೇಸ್ತ್ರಿ ಟ್ಯಾಂಕಿಗೆ ತಮ್ಮದೇ ಇನ್ನೊಂದು ಕಡ್ಡಿ ಅದ್ದಿ, ಹೂಂ ಅಂದರು. ಆಗ ಸಾವ್ಕಾರರು ಮುಂದಿನ ಸೀಟು ತೋರಿಸಿ, ಬರುತ್ತೀರಾ ಅಂತ ನನ್ನನ್ನು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಸೊಸೆ ಸೆರಗು ಕಟ್ಟಿಕೊಂಡು ಪರಗಂಡಸಿನ ವಿಮಾನ ಹತ್ತುವುದಕ್ಕೆ ಬೈಗುಳ ಬರುತ್ತದೆ ಅಂತಲೇ ಕಾದೆ.

"ಓಗವ್ವ," ಅಂದರು ಅತ್ತೆ. "ಪೆಟ್ರೋಲ್ ಎಷ್ಟೈತೆ ಅಂತ ನೀನೇ ಅಳ್ದಿದೀಯಲ್ಲ, ಬಯ ಯಾತುಕ್ಕೆ?"

ಹತ್ತೇ ನಿಮಿಷ. ಹೇಮಾವತಿ ಹೊಳೆ ಒಣಹಾಕಿದ ಸೀರೆಯ ಹಾಗೆ ಕೆಳಗೆ ಬಿದ್ದಿತ್ತು. ನಮ್ಮ ಅಂಗಡಿಯ ಹೆಂಚು ಕಾಣಿಸಿತು. ಮೈದಾನದಲ್ಲಿ ಇಬ್ಬರು ಕತ್ತೆತ್ತಿ ನಿಂತಿದ್ದರು. ಒಬ್ಬರು ಮೇಸ್ತ್ರಿ. ಇನ್ನೊಬ್ಬರು ಹಿತ್ತಾಳೆ ಕಡ್ಡಿಯನ್ನು ಕೊಡೆಯಂತೆ ಎತ್ತಿ ಹಿಡಿದು ಬೀಸುತ್ತಿದ್ದರು. ನಾನೂ ಕೈ ಬೀಸಿದೆ. ಒಂದೇ ಸುತ್ತಿಗೆ ಸಾಕು ಇಳಿಸಿ ಅಂತ ಸಾವ್ಕಾರರಿಗೆ ನಾನೇ ಹೇಳಿದೆ.

ಆ ಕಡ್ಡಿ ಈಗಲೂ ನಮ್ಮ ಅಂಗಡಿಯಲ್ಲಿದೆ. ಅತ್ತೆ ಇಲ್ಲ. ಮೊನ್ನೆ ನನ್ನ ಮಗಳು ತುಪ್ಪದ ಡಬ್ಬವನ್ನು ಪೂರ್ತಿ ಬಗ್ಗಿಸಿದಳು. ತಳ ಉಳಿಸು ಅಂತ ನನ್ನ ಬಾಯಿಗೆ ಬಂದೇ ಬಿಟ್ಟಿತ್ತು, ತಡೆದುಕೊಂಡೆ.

ನಿಮ್ಮ ಮನೆಗಳಲ್ಲೂ ಇಂಥ ಪದ್ಧತಿಗಳು ಇದ್ದೇ ಇರುತ್ತವೆ. ಯಾಕೆ ಅಂತ ಕೇಳದೆ ಮಾಡುತ್ತ ಬಂದು, ಒಂದು ದಿನ ಅದೇ ಯಾರನ್ನೋ ಬೀಳಿಸಿದ್ದು, ಆಮೇಲೆ ನೀವು ಹೋಗಿ ನಿಜ ಹೇಳಿದ್ದು, ಇಲ್ಲವೇ ಹೇಳಲಾಗದೆ ಉಳಿದದ್ದು. ಹೇಳದೆ ಉಳಿದವರನ್ನು ನಾನು ಬೈಯುವುದಿಲ್ಲ, ಒಂದು ರಾತ್ರಿ ನಾನೂ ಅವರಲ್ಲೇ ಒಬ್ಬಳಾಗಿದ್ದೆ. ನಾಲ್ಕು ಸಾಲಾದರೂ ಸರಿ, ಬರೆದು ತಿಳಿಸಿ. ತಳದ್ದನ್ನೂ ಉಳಿಸಿಕೊಳ್ಳದೆ ಬರೆಯಿರಿ.